ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: 14,000 ಕಿಮೀ ಅಂದ್ರೆ ನಿಜವಾಗಿ ಎಷ್ಟು ಗಂಟೆ?

ದಾವಣಗೆರೆ ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಮ್ಮನನ್ನು ಅಮೆರಿಕಕ್ಕೆ ಕಳಿಸಬೇಕು. ಅಣ್ಣ ಸನಿವೇಲ್‌ನಲ್ಲಿದ್ದಾನೆ, ಇಳಿಯುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಮ್ಮನಿಗೆ 67, ಮಂಡಿ ನೋವಿದೆ. ಇಲ್ಲಿವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಅದೂ ದೆಹಲಿಗೆ.

ನನ್ನ ತಲೆ ಕೆಟ್ಟಿರುವುದು ಗಂಟೆಗಳ ಲೆಕ್ಕದಲ್ಲಿ. ದೂರ ಹುಡುಕಿದರೆ 13,990 ಕಿಮೀ ಅಂತ ಬರುತ್ತೆ. ವಿಮಾನ ಗಂಟೆಗೆ 900 ಕಿಮೀ ಹೋಗುತ್ತೆ ಅಂದುಕೊಂಡರೆ ಹದಿನೈದೂವರೆ ಗಂಟೆ. ಸರಿ. ಆದರೆ ಟಿಕೆಟ್ ನೋಡಿದರೆ ಒಂದು 21 ಗಂಟೆ 30 ನಿಮಿಷ, ಇನ್ನೊಂದು 24, ಮತ್ತೊಂದು 31. ವಾಪಸ್ ಬರುವಾಗ ಇನ್ನೂ ಜಾಸ್ತಿ. ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ, ಟೋಕಿಯೊ ಮೇಲಿಂದ ಹೋಗುವ ಒಂದು ಟಿಕೆಟ್‌ನಲ್ಲಿ ಮಂಗಳವಾರ ಬೆಳಗಿನ ಜಾವ 2.30ಕ್ಕೆ ಹೊರಟು ಮಂಗಳವಾರವೇ ಬೆಳಿಗ್ಗೆ 11.30ಕ್ಕೆ ಇಳಿಯುತ್ತಾರಂತೆ. ಒಂಬತ್ತೇ ಗಂಟೆನಾ? ಅಮ್ಮ ಅದನ್ನು ನೋಡಿ "ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋದಷ್ಟೇ ಆಯ್ತಲ್ಲ" ಅಂತ ಖುಷಿಯಾಗಿದ್ದಾರೆ. ಅವರಿಗೆ ನಿಜ ಹೇಳಬೇಕು, ಅದಕ್ಕೆ ಮೊದಲು ನನಗೆ ಗೊತ್ತಾಗಬೇಕು.

ಲೆಕ್ಕದ ಮೇಷ್ಟ್ರು

ಮೊದಲು ಆ ಒಂಬತ್ತು ಗಂಟೆ ವಿಷಯ. ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಹೊತ್ತು. ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಿಮ್ಮ ಒಂಬತ್ತಕ್ಕೆ ಹನ್ನೆರಡೂವರೆ ಕೂಡಿಸಿ. ಇಪ್ಪತ್ತೊಂದೂವರೆ ಬಂತಾ? ಮೊದಲನೇ ಟಿಕೆಟ್ ಅದೇ.

ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ, ಆಗ ವ್ಯತ್ಯಾಸ ಹದಿಮೂರೂವರೆ. ವಾಪಸ್ ಬರುವಾಗ ಇದನ್ನೇ ಕಳೆಯಬೇಕು. ಬಹಳ ಜನ ಅಲ್ಲೂ ಕೂಡಿಸಿ, ಎರಡು ದಿನ ಆಕಾಶದಲ್ಲೇ ಇರಬೇಕಾ ಅಂತ ಗಾಬರಿ ಬೀಳುತ್ತಾರೆ.

ಇನ್ನು ದೂರ. 13,990 ಅನ್ನುವುದು ಸರಿ, ಆದರೆ ಅದು ಭೂಮಿಯ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದರೆ ಬರುವ ದೂರ. ಯಾವ ವಿಮಾನವೂ ಆ ದಾರದ ಮೇಲೇ ಹೋಗುವುದಿಲ್ಲ. ಗೋಡೆಗೆ ಹಾಕುವ ನಕ್ಷೆ ನೋಡಬೇಡಿ, ಅದು ಮೋಸ ಮಾಡುತ್ತೆ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ಹಿಡಿದು ನೋಡಿ.

ಸುಮ್ನೆ ಓದುವವನು

ಸುಮ್ನೆ ಒಂದು ಡೌಟು. ಭೂಮಿ ಹೇಗಿದ್ರೂ ತಿರುಗುತ್ತಲ್ಲ. ಮೇಲೆ ಹೋಗಿ ನಿಂತ್ಕೊಂಡ್ರೆ ಅಮೆರಿಕಾನೇ ಕೆಳಗೆ ಬರಲ್ವಾ?

ಲೆಕ್ಕದ ಮೇಷ್ಟ್ರು

ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ ಮಾರಾಯಾ. ಓಡುವ ರೈಲಿನೊಳಗೆ ನೀನು ಎಗರಿದರೆ ಹಿಂದಿನ ಬೋಗಿಗೆ ಹೋಗಿ ಬೀಳ್ತೀಯಾ?

ಕಿಟಕಿ ಸೀಟು

ಮೇಷ್ಟ್ರು ಹೇಳಿದ್ದಕ್ಕೆ ನಾನೊಂದಿಷ್ಟು ಸೇರಿಸುತ್ತೇನೆ. ವಿಮಾನದ ಹುಚ್ಚು ನನಗೆ, ಉದ್ದ ಆದರೆ ಕ್ಷಮಿಸಿ.

900 ಅನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ನದಿಯಲ್ಲಿ ದೋಣಿ ಹೋದ ಹಾಗೆ. ಹರಿವಿನ ಜೊತೆ ಹೋದರೆ ದಡಕ್ಕೆ ಬೇಗ, ಎದುರು ಹೋದರೆ ತಡ. ಹತ್ತು ಹನ್ನೊಂದು ಕಿಮೀ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ, ಅದಕ್ಕೇ ಜೆಟ್ ಸ್ಟ್ರೀಮ್ ಅನ್ನುವುದು. ಚಳಿಗಾಲದಲ್ಲಿ ಜಪಾನ್ ಮೇಲೆ ಅದರ ಅಬ್ಬರ ಜಾಸ್ತಿ, ಗಂಟೆಗೆ 200, 300 ಕಿಮೀ ಕೂಡ ಇರುತ್ತೆ. 900ಕ್ಕೆ ಅದನ್ನು ಕೂಡಿಸಿದರೆ ಒಂದು ಲೆಕ್ಕ, ಕಳೆದರೆ ಇನ್ನೊಂದು ಲೆಕ್ಕ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಲು ಒಂಬತ್ತೂವರೆ ಗಂಟೆ, ಅದೇ ದಾರಿಯಲ್ಲಿ ವಾಪಸ್ ಬರಲು ಹತ್ತಿರಹತ್ತಿರ ಹನ್ನೊಂದು. ಊರು ಅವೇ, ಕಿಮೀ ಅಷ್ಟೇ. ವಾಪಸ್ ಟಿಕೆಟ್‌ನಲ್ಲಿ ಗಂಟೆ ಯಾಕೆ ಜಾಸ್ತಿ ಅಂತ ಕೇಳಿದ್ರಲ್ಲ, ಇದಕ್ಕೇ.

2020ರ ಫೆಬ್ರವರಿಯಲ್ಲಿ ಒಂದು ಬಿರುಗಾಳಿಯ ಬೆನ್ನು ಹತ್ತಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಹೋಗಿಬಿಟ್ಟಿತ್ತು. ಮಾಮೂಲಿಯಾಗಿ ಆರೂವರೆ, ಏಳು ಗಂಟೆಯ ದಾರಿ.

ಈ ಗಾಳಿಯನ್ನು ಮೊದಲು ಅಳೆದದ್ದು ಜಪಾನಿನ ವಾಸಾಬುರೊ ಊಯಿಶಿ ಅನ್ನುವವರು, 1920ರ ದಶಕದಲ್ಲಿ, ಬಲೂನು ಹಾರಿಬಿಟ್ಟು. ಪುಣ್ಯಾತ್ಮ ಅದನ್ನು ಪ್ರಕಟಿಸಿದ್ದು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ. ಲೋಕಕ್ಕೆಲ್ಲ ತಿಳಿಯಲಿ ಅಂತ ಬರೆದರು, ಯಾರೂ ಓದಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ಗಳು ಜಪಾನ್ ಮೇಲೆ ಬಂದು ಗಾಳಿಗೆ ಸಿಕ್ಕಿ ಒದ್ದಾಡಿದ ಮೇಲೆ ಅವರಿಗೆ ಇದರ ಬಿಸಿ ತಟ್ಟಿತು.

ದಾವಣಗೆರೆ ಬೆಣ್ಣೆ

ಮೇಷ್ಟ್ರೇ, ಮಾಡಿ ನೋಡಿದೆ. ಮಗನ ಗ್ಲೋಬ್ ಅಟ್ಟದಿಂದ ಇಳಿಸಿದೆ. ಅಮ್ಮ ಮಲ್ಲಿಗೆ ಕಟ್ಟುತ್ತ ಕೂತಿದ್ದರು, ಅವರ ದಾರವನ್ನೇ ಇಸ್ಕೊಂಡೆ, ತುದಿಯಲ್ಲಿ ನಾಲ್ಕು ಮೊಗ್ಗು ಹಾಗೇ ಇದ್ದವು. ಒಂದು ತುದಿ ಬೆಂಗಳೂರಿನ ಮೇಲೆ ಅಮ್ಮ ಹೆಬ್ಬೆರಳಲ್ಲಿ ಒತ್ತಿ ಹಿಡಿದರು, ಮೊಗ್ಗಿನ ತುದಿಯನ್ನು ನಾನು ಕ್ಯಾಲಿಫೋರ್ನಿಯಾದ ಕಡೆ ಎಳೆದೆ. ಮೊದಲು ಜಪಾನ್ ಕಡೆಯಿಂದ ಇಟ್ಟೆ, ದಾರ ಸಡಿಲ ಆಗಿ ಜಾರಿ ಮೇಲಕ್ಕೆ ಮೇಲಕ್ಕೆ ಹೋಯ್ತು. ಕೊನೆಗೆ ಬಿಗಿಯಾಗಿ ನಿಂತದ್ದು ಎಲ್ಲಿ ಗೊತ್ತಾ? ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ, ಆಮೇಲೆ ಹಿಮದ ಸಮುದ್ರದ ಅಂಚು, ಅಲಾಸ್ಕ, ಅಲ್ಲಿಂದ ಕೆಳಗೆ. ನಾನು ಇಷ್ಟು ದಿನ ಅಮೆರಿಕಕ್ಕೆ ಹೋಗುವುದು ಅಂದರೆ ಎಡಕ್ಕೆ ಇಲ್ಲ ಬಲಕ್ಕೆ ಅಂದುಕೊಂಡಿದ್ದೆ. ಇದು ನೆತ್ತಿಯ ಕಡೆಯಿಂದ!

ಅಮ್ಮ ಕೇಳಿದ್ದು ಒಂದೇ. "ನೇಪಾಳದ ಮೇಲೆ ಹೋದ್ರೆ ಮುಕ್ತಿನಾಥ ಕಾಣುತ್ತೇನೆ?"

ಕಿಟಕಿ ಸೀಟು

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಆ ದಾರ ಹೆಚ್ಚುಕಮ್ಮಿ ಮುಕ್ತಿನಾಥದ ಪಕ್ಕದಲ್ಲೇ ಹೋಗುತ್ತೆ. ಆದರೆ ವಿಮಾನ ಹೋಗಲ್ಲ.

ಯಾಕೆ ಅಂದರೆ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಏನಾದರೂ ಹೋದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್‌ಗೆ ಇಳಿಸಬೇಕು, ಉಸಿರಾಡಲು. ಮೇಲಿಂದ ಜೋತು ಬೀಳುವ ಮಾಸ್ಕ್‌ಗಳಲ್ಲಿ ಆಮ್ಲಜನಕ ಇರುವುದು ಸುಮಾರು ಕಾಲು ಗಂಟೆಗೆ ಆಗುವಷ್ಟು. ಟಿಬೆಟ್‌ನಲ್ಲಿ ನೆಲವೇ 4,500 ಮೀಟರ್ ಎತ್ತರದಲ್ಲಿದೆ, ಇಳಿಯುವುದು ಎಲ್ಲಿಗೆ? ಅದಕ್ಕೇ ಆ ಕಡೆ ಸುಮ್ನೆ ನುಗ್ಗಲ್ಲ. ಪೂರ್ವಕ್ಕೆ ಸುತ್ತಿ ಹೋಗುತ್ತಾರೆ, ಇಲ್ಲಾಂದ್ರೆ ಪಶ್ಚಿಮಕ್ಕೆ.

ಸುತ್ತು ಅಂದರೂ ಅಂಥ ದೊಡ್ಡ ಸುತ್ತೇನಲ್ಲ. ಬೆಂಗಳೂರಿಂದ ಟೋಕಿಯೊಗೆ 6,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 8,200. ಕೂಡಿಸಿದರೆ 14,900. ದಾರಕ್ಕಿಂತ 900 ಮಾತ್ರ ಜಾಸ್ತಿ, ಅಂದರೆ ಒಂದು ಗಂಟೆ, ಅದನ್ನೂ ಬೆನ್ನ ಹಿಂದಿನ ಗಾಳಿ ವಾಪಸ್ ಕೊಟ್ಟುಬಿಡುತ್ತೆ. ದುಬೈ ಮೇಲಿಂದ ಸುಮಾರು 15,700. ಫ್ರಾಂಕ್‌ಫರ್ಟ್, ಲಂಡನ್, ಸಿಂಗಾಪುರ ಮೂರೂ 16,500ರ ಮೇಲೆ. ಎಲ್ಲಕ್ಕಿಂತ ಮಜಾ ದೆಹಲಿ: 1,700 ಕೂಡಿಸು 12,370, ಅಂದರೆ 14,070. ನೇರ ದಾರಿಗೂ ಅದಕ್ಕೂ ನೂರು ಕಿಮೀ ಕೂಡ ವ್ಯತ್ಯಾಸ ಇಲ್ಲ! ದೆಹಲಿ ಮೇಲಿಂದ ಹೋದರೆ ಸುತ್ತು ಅಂತ ಹೇಳುವವರಿಗೆ ನಿಮ್ಮ ಗ್ಲೋಬ್ ತೋರಿಸಿ.

ಟರ್ಮಿನಲ್ ಎರಡು

ನೇರ ವಿಮಾನದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಶುರು ಮಾಡಿತು. ಮೊದಲ ವಿಮಾನ ಆ ಕಡೆಯಿಂದ ಈ ಕಡೆಗೆ ಬಂತು, ಕಾಕ್‌ಪಿಟ್‌ನಲ್ಲಿ ನಾಲ್ಕೂ ಜನ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಉತ್ತರ ಧ್ರುವದ ಮೇಲಿಂದಲೇ ಹಾರಿ ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದರು. ಹದಿನೇಳು ಗಂಟೆಯ ಹತ್ತಿರ. ನೇರ ದೂರ 13,993 ಆದರೂ ಅವರು ಹಾರಿದ್ದು ಸುಮಾರು 16,000 ಅಂತ ಹೇಳಿದ್ದರು. ಅಂದರೆ ಗಾಳಿ ಎದುರಾಗದ ದಾರಿ ಹುಡುಕಲು 2,000 ಕಿಮೀ ಜಾಸ್ತಿ ಹಾರಿದರೂ ಲಾಭವೇ.

ಆದರೆ ಆ ನೇರ ವಿಮಾನವನ್ನೇ ನಂಬಿ ಕೂರಬೇಡಿ. ಅದರ ವೇಳಾಪಟ್ಟಿ ಆಮೇಲೆ ಹಲವು ಸಲ ಬದಲಾಗಿದೆ. ವಾಯುಪ್ರದೇಶದ ತಾಪತ್ರಯವೂ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು, 2019ರಲ್ಲೂ ಕೆಲವು ತಿಂಗಳು ಹೀಗೇ ಆಗಿತ್ತು. ಬೆಂಗಳೂರಿಗಿಂತ ದೆಹಲಿಯಿಂದ ಹೊರಡುವವರಿಗೆ ಇದರ ಪೆಟ್ಟು ಜಾಸ್ತಿ. 2022ರಿಂದ ಅಮೆರಿಕದ, ಯುರೋಪಿನ ಕಂಪನಿಗಳು ರಷ್ಯಾ ಮೇಲೆ ಹೋಗುವ ಹಾಗಿಲ್ಲ. ಟಿಕೆಟ್ ಮೇಲಿನ ಗಂಟೆಯಲ್ಲಿ ರಾಜಕೀಯವೂ ಸೇರಿರುತ್ತೆ.

ಕಿಟಕಿ ಸೀಟು

ಸೈಬೀರಿಯ ಮೇಲೆ ಹಾರುವುದು ಎಂಥ ಒಂಟಿ ದಾರಿ ಅಂತ 2023ರ ಜೂನ್‌ನಲ್ಲಿ ಗೊತ್ತಾಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು. ಊರು ಸಣ್ಣದು, ಮಲಗಲು ಹೋಟೆಲ್ ಸಾಲದೆ ಹಾಸ್ಟೆಲ್, ಶಾಲೆಗಳಲ್ಲಿ ಉಳಿಸಿದ್ದರು.

ಬೆಂಗಳೂರಿಗೆ ಇನ್ನೊಂದು ಕಷ್ಟ ಇದೆ, ಜನ ಗಮನಿಸಲ್ಲ. ನಮ್ಮ ನಿಲ್ದಾಣ ಸಮುದ್ರ ಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಎಂಜಿನ್‌ಗೂ ಕಸುವು ಕಡಿಮೆ. ಹದಿನಾರು ಗಂಟೆ ಹಾರುವ 777 ವಿಮಾನ ಹೊರಡುವಾಗ ನೂರು ಟನ್‌ಗೂ ಜಾಸ್ತಿ ಇಂಧನ ಹೊತ್ತಿರುತ್ತೆ, ಅದರಲ್ಲಿ ಒಂದು ಪಾಲು ಮಿಕ್ಕ ಇಂಧನವನ್ನು ಹೊರುವುದಕ್ಕೇ ಖರ್ಚು. ರನ್‌ವೇ 4,000 ಮೀಟರ್ ಉದ್ದ ಇದ್ದರೂ ಮಧ್ಯಾಹ್ನದ ಬಿಸಿಲಲ್ಲಿ ತೂಕದ ಚೌಕಾಸಿ ನಡೆಯುತ್ತಲೇ ಇರುತ್ತೆ. ಒಂದು ಕಡೆ ಇಳಿದು ಹೋಗುವ ಟಿಕೆಟ್ ಎಷ್ಟೋ ಸಲ ಅಗ್ಗ ಇರುವುದಕ್ಕೆ ಇದೂ ಒಂದು ಕಾರಣ.

ಸುಮ್ನೆ ಓದುವವನು

ಹಾಗಾದ್ರೆ ಜಗತ್ತಿನಲ್ಲೇ ಉದ್ದದ ವಿಮಾನ ಯಾವುದು? ಇದೇನಾ?

ಕಿಟಕಿ ಸೀಟು

ಅಲ್ಲ. ಸಿಂಗಾಪುರ–ನ್ಯೂಯಾರ್ಕ್. 15,300 ಕಿಮೀಗೂ ಸ್ವಲ್ಪ ಜಾಸ್ತಿ, ಹತ್ತೊಂಬತ್ತು ಗಂಟೆಯ ಹತ್ತಿರ. ಆ ಏರ್‌ಬಸ್‌ನಲ್ಲಿ ಸೀಟು 161 ಮಾತ್ರ, ನಮ್ಮಂಥವರ ಎಕಾನಮಿ ಇಲ್ಲವೇ ಇಲ್ಲ. ಆಸ್ಟ್ರೇಲಿಯಾದ ಕ್ವಾಂಟಾಸ್‌ನವರು ಸಿಡ್ನಿಯಿಂದ ಲಂಡನ್‌ಗೆ ಒಂದೇ ಹಾರಾಟಕ್ಕೆ ತಯಾರಿ ನಡೆಸಿದ್ದಾರೆ, 17,000 ಕಿಮೀ, ಇಪ್ಪತ್ತು ಗಂಟೆ. ಭೂಮಿಯ ಮೇಲೆ ಯಾವ ಎರಡು ಊರೂ 20,000 ಕಿಮೀಗಿಂತ ದೂರ ಇರೋಕೆ ಆಗಲ್ಲ, ಅದು ಭೂಮಿಯ ಅರ್ಧ ಸುತ್ತು. 2005ರಲ್ಲಿ ಬೋಯಿಂಗ್ 777 ಒಂದು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಬೇಕಂತಲೇ ಪೂರ್ವಕ್ಕೆ ಸುತ್ತಿ 21,600 ಕಿಮೀ ಹಾರಿ ದಾಖಲೆ ಮಾಡಿತ್ತು, 22 ಗಂಟೆ 42 ನಿಮಿಷ.

ಹಳೇ ಪ್ರಯಾಣಿಕ

ನೀವೆಲ್ಲ ಆಕಾಶದ ಗಂಟೆ ಎಣಿಸ್ತಿದ್ದೀರಿ. ನನ್ನ ಅನುಭವದಲ್ಲಿ ಸಾಯಿಸುವುದು ನೆಲದ ಗಂಟೆ.

1996ರಲ್ಲಿ ನಾನು ಮೊದಲು ಹೋದಾಗ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿತ್ತು. ಮುಂಬೈಗೆ ಹೋಗಿ, ದೇಶದೊಳಗಿನ ವಿಮಾನಗಳ ಸಾಂತಾಕ್ರೂಜ್‌ನಲ್ಲಿ ಇಳಿದು, ಪೆಟ್ಟಿಗೆ ಹೊತ್ತು ವಿದೇಶದ ವಿಮಾನಗಳ ಸಹಾರ್‌ಗೆ ಬದಲಾಗಿ, ರಾತ್ರಿಯೆಲ್ಲ ಕಾದು, ಫ್ರಾಂಕ್‌ಫರ್ಟ್, ಅಲ್ಲಿಂದ ಮುಂದೆ. ಶಿವಮೊಗ್ಗದ ಮನೆ ಬಾಗಿಲಿಂದ ಆ ಕಡೆಯ ಮನೆ ಬಾಗಿಲಿಗೆ 47 ಗಂಟೆ. ಆಕಾಶದಲ್ಲಿ ಇದ್ದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ.

ಈಗಲೂ ನೋಡಿ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಮೀ, ಐದು ಗಂಟೆ. ಆಮೇಲೆ ನಿಲ್ದಾಣ ಊರ ಹೊರಗೆ, ದೇವನಹಳ್ಳಿ ಕಡೆ. ಮೂರು ಗಂಟೆ ಮುಂಚೆ ಇರಬೇಕು. ಆ ಕಡೆ ಇಳಿದ ಮೇಲೆ ಇಮಿಗ್ರೇಶನ್ ಸಾಲು ಒಂದು ಗಂಟೆ ಇದ್ದರೂ ಇತ್ತು. ನಿಮ್ಮ ಇಪ್ಪತ್ತೊಂದೂವರೆ ಮೂವತ್ತೆರಡು ಆಯ್ತಾ ಇಲ್ವಾ?

ಇನ್ನೊಂದು ಮಾತು. ಕಡಿಮೆ ಗಂಟೆಯ ಟಿಕೆಟ್ ಅಂತ ಆಸೆಪಟ್ಟು ನಡುವೆ ಒಂದು ಗಂಟೆ ಹತ್ತು ನಿಮಿಷ ಮಾತ್ರ ಬಿಡುವಿರುವುದನ್ನು ನಾಲ್ಕು ವರ್ಷದ ಹಿಂದೆ ತಗೊಂಡಿದ್ದೆ. ಕಂಪನಿ ಹೆಸರು ಬೇಡ. ಮೊದಲ ವಿಮಾನ ನಲವತ್ತು ನಿಮಿಷ ತಡ. ನಾನು ಬೂಟು ಕೈಯಲ್ಲಿ ಹಿಡಿದು ಗೇಟ್ ತನಕ ಓಡಿದೆ, ಬಾಗಿಲು ಹಾಕಿದ್ದರು. ಮುಂದಿನದು ಹದಿನಾಲ್ಕು ಗಂಟೆ ಬಿಟ್ಟು. ಕೌಂಟರಿನವರು ಒಂದು ಊಟದ ಚೀಟಿ ಕೊಟ್ಟು ಕೈ ತೊಳೆದುಕೊಂಡರು. ಹೊರಡುವಾಗ ಹೆಂಡತಿ ಕಟ್ಟಿಕೊಟ್ಟಿದ್ದ ಕೋಡುಬಳೆ ಪೊಟ್ಟಣ ಕಬ್ಬಿಣದ ಕುರ್ಚಿಯ ಮೇಲೆ ಖಾಲಿ ಮಾಡಿದೆ.

ಫ್ರೀಮಾಂಟ್ ಅಜ್ಜಿ

ಏಳು ಸಲ ಹೋಗಿ ಬಂದವಳು ನಾನು, ಮಗಳ ಮೂರು ಬಾಣಂತನ ಸೇರಿ. ನನ್ನ ಮಾತು ಕೇಳಮ್ಮ. ವಯಸ್ಸಾದವರಿಗೆ ನಡುವೆ ಮೂರರಿಂದ ಐದು ಗಂಟೆ ಬಿಡುವು ಸರಿ. ಎರಡಕ್ಕಿಂತ ಕಡಿಮೆ ಬೇಡವೇ ಬೇಡ, ಎಂಟಕ್ಕಿಂತ ಜಾಸ್ತಿಯೂ ಬೇಡ. ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸು, ಆಗ ಪೆಟ್ಟಿಗೆ ನಡುವೆ ತೆಗೆದುಕೊಳ್ಳುವ ರಗಳೆ ಇರಲ್ಲ, ವಿಮಾನ ತಪ್ಪಿದರೂ ಅವರೇ ಮುಂದಿನದಕ್ಕೆ ಹಾಕಬೇಕು.

ಗಾಲಿಕುರ್ಚಿ ಈಗಲೇ ಕೇಳಿಡು. ಅಮ್ಮ "ನನಗೇನಾಗಿದೆ, ನಡೀತೀನಿ" ಅಂತಾರೆ, ನಾನೂ ಅಂದಿದ್ದೆ. ಭಾಷೆ ಬಾರದವರಿಗೆ ಅದು ಕಾಲಿಗಲ್ಲ, ದಾರಿಗೆ. ತಳ್ಳುವವರು ನೇರ ಗೇಟಿಗೆ ಬಿಡುತ್ತಾರೆ, ಎಲ್ಲಿ ಹೋಗಬೇಕು ಅಂತ ಬೋರ್ಡ್ ಓದುವ ಕಷ್ಟ ಇಲ್ಲ. ಸಸ್ಯಾಹಾರದ ಊಟ ಮೊದಲೇ ಬರೆಸಬೇಕು, ಹತ್ತಿದ ಮೇಲೆ ಕೇಳಿದರೆ ಬ್ರೆಡ್ಡೇ ಗತಿ. ಕೈಚೀಲದಲ್ಲಿ ಅವಲಕ್ಕಿ ಇರಲಿ. ಹಸಿ ಕರಿಬೇವು, ಹಣ್ಣು, ಹೂವು ಮಾತ್ರ ಬೇಡ, ಅಲ್ಲಿ ಕಸ್ಟಮ್ಸ್‌ನವರು ಬಿಡಲ್ಲ. ಮಲ್ಲಿಗೆ ಮುಡಿದುಕೊಂಡು ಹೋದರೆ ವಿಮಾನದಲ್ಲೇ ತೆಗೆದಿಡಲು ಹೇಳು.

ಒಳಗೆ ಕೂತಲ್ಲೇ ಕೂರಬಾರದು. ಎರಡು ಗಂಟೆಗೊಮ್ಮೆ ಎದ್ದು ಟಾಯ್ಲೆಟ್ ತನಕ ನಡೆದು ಬರಲಿ. ಅದಕ್ಕೇ ಕಿಟಕಿ ಬೇಡ, ಓಣಿ ಪಕ್ಕದ ಸೀಟು ಹಾಕಿಸು. ಶುಗರ್ ಮಾತ್ರೆ ಇದ್ದರೆ ಯಾವ ಊರಿನ ಗಡಿಯಾರಕ್ಕೆ ನುಂಗಬೇಕು ಅಂತ ಡಾಕ್ಟರ್ ಹತ್ತಿರ ಕಾಗದದಲ್ಲಿ ಬರೆಸಿಕೊ. ನಾನು ಮೊದಲ ಸಲ ನಮ್ಮ ರಾತ್ರಿ, ಅವರ ರಾತ್ರಿ ಅಂತ ಎರಡೂ ಲೆಕ್ಕ ಹಾಕಿ ಮಾತ್ರೆ ಜಾಸ್ತಿ ನುಂಗಿ ತಲೆ ತಿರುಗಿ ಒದ್ದಾಡಿದ್ದೆ.

ಕಿಟಕಿ ಸೀಟು

ಅಜ್ಜಿ ಹೇಳಿದ್ದೆಲ್ಲ ಒಪ್ಪಿದೆ, ಕಿಟಕಿ ಬೇಡ ಅಂದದ್ದು ಬಿಟ್ಟು.

ದಾವಣಗೆರೆ ಬೆಣ್ಣೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಟೋಕಿಯೊ ಮೇಲಿಂದ ಹೋಗುವುದನ್ನೇ ಮಾಡಿಸಿದೆ. ನಡುವೆ ನಾಲ್ಕು ಗಂಟೆ, ಒಂದೇ ಪಿಎನ್‌ಆರ್, ಓಣಿ ಪಕ್ಕದ ಸೀಟು, ಗಾಲಿಕುರ್ಚಿ. 31 ಗಂಟೆಯದು ಒಂಬತ್ತು ಸಾವಿರ ಅಗ್ಗ ಇತ್ತು, ಅಣ್ಣ "ಒಂಬತ್ತು ಸಾವಿರಕ್ಕೆ ಅಮ್ಮನನ್ನು ಹತ್ತು ಗಂಟೆ ಕುರ್ಚಿ ಮೇಲೆ ಕೂರಿಸ್ತೀಯಾ" ಅಂತ ಬೈದ. ಅಮ್ಮನಿಗೆ ನಿಜ ಹೇಳಿದೆ, ಮನೆಯಿಂದ ಮನೆಗೆ ಮೂವತ್ತೆರಡು ಗಂಟೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಧರ್ಮಸ್ಥಳಕ್ಕೆ ನಾಲ್ಕು ಸಲ" ಅಂದರು.

ದಾವಣಗೆರೆ ಬೆಣ್ಣೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ಕ್ಷೇಮವಾಗಿ ತಲುಪಿದರು. ಹೇಳಿದ್ದಕ್ಕಿಂತ ಇಪ್ಪತ್ತೈದು ನಿಮಿಷ ಮುಂಚೆಯೇ ಇಳಿಯಿತಂತೆ, ಕಿಟಕಿ ಸೀಟು ಅವರ ಗಾಳಿಯ ಪುಣ್ಯ. ಟೋಕಿಯೊದಲ್ಲಿ ಗಾಲಿಕುರ್ಚಿ ತಳ್ಳಿದ ಹುಡುಗಿ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದಳಂತೆ, ಅಮ್ಮನೂ ಪ್ರತಿಸಲ ಕೈಮುಗಿದು ಕೈ ನೋವು ಬಂತಂತೆ. ಮೊದಲ ಹತ್ತು ದಿನ ಮಧ್ಯರಾತ್ರಿ ಎದ್ದು ಕೂತು ಅಣ್ಣನ ಮನೆಯ ಪಾತ್ರೆಯೆಲ್ಲ ತೊಳೆದಿಟ್ಟಿದ್ದಾರೆ.

ಒಂದು ವಿಷಯ ಮಾತ್ರ ಅಣ್ಣನಿಗೆ ಅರ್ಥ ಆಗಿಲ್ಲ. ಅಮ್ಮ ವಾಚಿನ ಹೊತ್ತು ಬದಲಾಯಿಸಲು ಬಿಡುತ್ತಿಲ್ಲ. ಮುಳ್ಳಿನ ವಾಚು, ಅಪ್ಪ ಕೊಡಿಸಿದ್ದು. "ಅರ್ಧ ಗಂಟೆ ಮುಂದಿದೆ ಅಷ್ಟೇ, ಅದಕ್ಯಾಕೆ ಕೀಲಿ ತಿರುಗಿಸೋದು" ಅಂತಾರಂತೆ. ಅವನು ಹಗಲು ರಾತ್ರಿ ಅಂತ ಏನೇನೋ ಹೇಳಿ ಸೋತಿದ್ದಾನೆ.

ಲೆಕ್ಕದ ಮೇಷ್ಟ್ರು

ಅಮ್ಮ ಹೇಳಿದ್ದೇ ಸರಿ. ಹನ್ನೆರಡೂವರೆ ಗಂಟೆ ವ್ಯತ್ಯಾಸ ಇದ್ದರೆ ಮುಳ್ಳಿನ ವಾಚಿನಲ್ಲಿ ಕಾಣುವುದು ಅರ್ಧ ಗಂಟೆಯೇ. ನವೆಂಬರ್ ಮೊದಲ ಭಾನುವಾರ ಆದ ಮೇಲೂ ಅವರು ಅಲ್ಲೇ ಇದ್ದರೆ ಅದು ಒಂದೂವರೆ ಗಂಟೆ ಆಗುತ್ತೆ, ಈಗಲೇ ಹೇಳಿಟ್ಟಿರಿ, ವಾಚು ಕೆಟ್ಟಿದೆ ಅಂತ ಅಂಗಡಿಗೆ ಕೊಟ್ಟುಬಿಟ್ಟಾರು.